ಮೂರು ಮೂಲೆಯ ಹೆಸರಿನ ಜಾಡು

ಮಾಳವದ ಬೆಟ್ಟದೂರು ಮಾಂಡುವಿಗೆ ಹೋಗುವವರು ಹೆಚ್ಚಾಗಿ ರೂಪಮತಿ ಮತ್ತು ಅಲ್ಲಿನ ಸುಲ್ತಾನ ಬಾಜ್ ಬಹಾದೂರರ ಪ್ರೇಮಕಥೆಯ ಸೆಳೆತಕ್ಕೆ ಹೋಗುತ್ತಾರೆ. ಮಳೆಗಾಲದಲ್ಲಿ ಆ ಬೆಟ್ಟ ಹಸಿರುಟ್ಟು ಮೋಡದೊಳಗೆ ಅಡಗುವುದನ್ನು ನೋಡಲೆಂದೇ ಹೋಗುವವರೂ ಉಂಟು. ನನ್ನನ್ನು ಅಲ್ಲಿಗೆ ಎಳೆದದ್ದು ಒಂದು ಅಡುಗೆ ಪುಸ್ತಕ; ಅದರಲ್ಲೂ ಅದರೊಳಗಿನ ಒಂದು ಹೆಸರು, ಸಮೋಸ. ಐನೂರು ವರ್ಷಗಳ ಹಿಂದೆ ಆ ಬೆಟ್ಟದ ಮೇಲೆ ಆಳುತ್ತಿದ್ದ ಸುಲ್ತಾನನೊಬ್ಬ ತನ್ನ ಅರಮನೆಯ ಅಡುಗೆಗಳನ್ನೆಲ್ಲ ಬರೆಸಿಟ್ಟ. ಬರೆಸಿದ್ದಷ್ಟೇ ಸಾಲದೆಂದು ಚಿತ್ರಗಳನ್ನೂ ಹಾಕಿಸಿದ. ಆ ಪುಸ್ತಕ ಮುಂದೆ ನಮ್ಮ ಶ್ರೀರಂಗಪಟ್ಟಣಕ್ಕೂ ಬಂದಿತ್ತು ಎಂದು ತಿಳಿದ ಮೇಲೆ ಹೋಗದೆ ಇರಲು ಮನಸ್ಸು ಒಪ್ಪಲಿಲ್ಲ.

ಸಮೋಸ ನಮಗೆ ಎಷ್ಟು ಬಳಕೆಯಾಗಿದೆ ಎಂದರೆ ಅದರ ಹೆಸರು ಎಲ್ಲಿಯದು ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಾಲೇಜು ಕ್ಯಾಂಟೀನಿನಲ್ಲಿ, ಬಸ್ ಸ್ಟ್ಯಾಂಡಿನ ಬೇಕರಿಯಲ್ಲಿ, ಸಭೆ ಮುಗಿದ ಮೇಲೆ ಹಂಚುವ ಕಾಗದದ ತಟ್ಟೆಯಲ್ಲಿ, ರೈಲಿನೊಳಗೆ ಬುಟ್ಟಿ ಹೊತ್ತು ಬರುವವರ ಕೂಗಿನಲ್ಲಿ ಅದು ಇದ್ದೇ ಇರುತ್ತದೆ. ಆ ಹೆಸರು ನಡೆದು ಬಂದ ದಾರಿಯ ಕೆಲವು ನಿಲ್ದಾಣಗಳನ್ನಾದರೂ ಕಣ್ಣಾರೆ ನೋಡಬೇಕು ಎಂಬ ಆಸೆ ನನಗೆ ಬಹಳ ಕಾಲದಿಂದ ಇತ್ತು. ಹಾಗಾಗಿ ಪ್ರಯಾಣವನ್ನು ದೆಹಲಿಯಿಂದ ಶುರುಮಾಡಿದೆ.

ದಕ್ಷಿಣ ದೆಹಲಿಯ ಬೇಗಂಪುರದ ಓಣಿಗಳಲ್ಲಿ ದಾರಿ ಕೇಳಿಕೊಂಡು ಹೋದರೆ ಬಿಜಯ್ ಮಂಡಲ್ ಎಂಬ ಹಾಳುಬಿದ್ದ ಕಟ್ಟಡ ಸಿಗುತ್ತದೆ. ಸುತ್ತ ಮನೆಗಳು, ನಿಲ್ಲಿಸಿದ ಸ್ಕೂಟರುಗಳು, ಕ್ರಿಕೆಟ್ ಆಡುವ ಮಕ್ಕಳು. ಮುಹಮ್ಮದ್ ಬಿನ್ ತುಘಲಕ್ ಕಟ್ಟಿಸಿದ ಜಹಾನ್‌ಪನಾಹ್ ನಗರದ ಅರಮನೆ, ಹಜಾರ್ ಸುತೂನ್, ಅಂದರೆ ಸಾವಿರ ಕಂಬದ ಸಭಾಂಗಣ, ಇಲ್ಲೇ ಇತ್ತು ಎಂದು ಪುರಾತತ್ವಜ್ಞರು ಗುರುತಿಸಿದ್ದಾರೆ. ಮರದ ಕಂಬಗಳು ಎಂದೋ ಹೋದವು. ಅವು ನಿಂತಿದ್ದ ಕಲ್ಲಿನ ಪೀಠಗಳು ಮಾತ್ರ ಅಗೆತದಲ್ಲಿ ಸಿಕ್ಕವು. ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತ ಆ ಕಂಬಗಳಿಗೆ ಬಣ್ಣ ಬಳಿದಿದ್ದನ್ನು ನೋಡಿ ಬರೆದಿದ್ದಾನೆ. ಅವನು 1333ರಲ್ಲಿ ಸಿಂಧೂ ನದಿ ತಲುಪಿ, ಮುಲ್ತಾನದ ಮೂಲಕ ದೆಹಲಿಗೆ ಬಂದು, ಇದೇ ತುಘಲಕನ ಕೈಕೆಳಗೆ ನ್ಯಾಯಾಧೀಶನಾಗಿ ಕೆಲಸ ಮಾಡಿದವನು.

ಮುಲ್ತಾನದಿಂದ ದೆಹಲಿಗೆ ಬರುವ ದಾರಿಯ ಊಟವನ್ನು ಇಬ್ನ್ ಬತೂತ ಬಡಿಸುವ ಕ್ರಮದ ಸಮೇತ ವರ್ಣಿಸುತ್ತಾನೆ. ತೆಳು ರೊಟ್ಟಿ, ಸುಟ್ಟ ಮಾಂಸ, ತುಪ್ಪದಲ್ಲಿ ಬೇಯಿಸಿದ ಮಾಂಸ, ಇವುಗಳ ನಂತರ ‘ಸಮೂಸಕ್’ ಬರುತ್ತದೆ. ಸಣ್ಣಗೆ ಕೊಚ್ಚಿದ ಮಾಂಸವನ್ನು ಬಾದಾಮಿ, ಅಕ್ರೋಟು, ಪಿಸ್ತಾ, ಈರುಳ್ಳಿ, ಮಸಾಲೆಗಳ ಜೊತೆ ಬೇಯಿಸಿ, ತೆಳುವಾದ ರೊಟ್ಟಿಯೊಳಗೆ ಇಟ್ಟು, ತುಪ್ಪದಲ್ಲಿ ಕರಿದದ್ದು. ಒಬ್ಬೊಬ್ಬರ ಮುಂದೆ ನಾಲ್ಕೈದು ಇಡುತ್ತಿದ್ದರಂತೆ. ಅದಾದ ಮೇಲೆ ತುಪ್ಪದನ್ನ, ಅದರ ಮೇಲೆ ಕೋಳಿ. ಅರಮನೆ ಬಾಗಿಲು ತಲುಪುವ ಮೊದಲೇ, ಪ್ರಯಾಣದ ಬಿಡಾರದಲ್ಲೇ ಅವನಿಗೆ ಸಮೋಸ ಎದುರಾಗಿತ್ತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಈ ತಿಂಡಿ ಹುಟ್ಟಿನಿಂದಲೂ ದಾರಿಯದು.

ಇಬ್ನ್ ಬತೂತನಿಗಿಂತ ಒಂದು ತಲೆಮಾರು ಮೊದಲೇ, 1300ರ ಸುಮಾರಿಗೆ, ಕವಿ ಅಮೀರ್ ಖುಸ್ರೋ ದೆಹಲಿಯ ಶ್ರೀಮಂತರ ಊಟದಲ್ಲಿ ಸಮೋಸವನ್ನು ಹೆಸರಿಸಿದ್ದಾನೆ. ಅವನದೆಂದು ಉತ್ತರದ ಜನ ಇಂದಿಗೂ ಹೇಳುವ ಒಗಟೊಂದರಲ್ಲಿ ಸಮೋಸ ಏಕೆ ತಿನ್ನಲಿಲ್ಲ, ಜೋಡು ಏಕೆ ಮೆಟ್ಟಲಿಲ್ಲ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ. ‘ತಲಾ’ ಎಂದರೆ ಕರಿದದ್ದೂ ಹೌದು, ಜೋಡಿನ ಅಟ್ಟೆಯೂ ಹೌದು. ಒಗಟಿನೊಳಗೆ ಹೋಗಿ ಕೂತಿತು ಎಂದರೆ ಆ ಹೆಸರು ಅಷ್ಟರಲ್ಲಿ ಬೀದಿಯ ನಾಲಿಗೆಗೆ ಇಳಿದಿತ್ತು ಎಂದೇ ಅರ್ಥ.

ಆ ಹೆಸರಿನ ಬೇರು ಪಾರಸಿಯಲ್ಲಿದೆ. ಹಳೆಯ ಪಾರಸಿಯ ‘ಸನ್‌ಬೋಸಗ್’ ಮುಂದೆ ‘ಸನ್‌ಬೂಸಾ’ ಆಯಿತು. ಅದರ ಜೊತೆಗೆ ಅಂಟಿಕೊಂಡು ಬಂದಿರುವ ಅರ್ಥ ಮೂರು ಮೂಲೆಯದು ಎಂಬುದು. ಮೂರು ಮೂಲೆಗೆ ಮಡಿಸಿದ ಬಟ್ಟೆಗೂ ಪಾರಸಿಯವರು ಇದೇ ಹೆಸರು ಹೇಳುತ್ತಿದ್ದರು. ಅರಬರು ಇದನ್ನು ‘ಸನ್‌ಬೂಸಜ್’ ಎಂದರು. 9ನೇ ಶತಮಾನದ ಬಾಗ್ದಾದಿನ ಹೆಸರಾಂತ ಸಂಗೀತಗಾರ ಇಸ್‌ಹಾಕ್ ಅಲ್ ಮೌಸಿಲಿ ಇದರ ಮೇಲೆ ಒಂದು ಕವಿತೆಯನ್ನೇ ಕಟ್ಟಿದ. 11ನೇ ಶತಮಾನದಲ್ಲಿ ಗಜ್ನಿ ಅರಸರ ಚರಿತ್ರೆ ಬರೆದ ಬೈಹಕಿಯೂ ಅಲ್ಲಿನ ಆಸ್ಥಾನದ ತಿಂಡಿಯಾಗಿ ಇದನ್ನು ಹೇಳುತ್ತಾನೆ. ಅಲ್ಲಿಂದ ಕುದುರೆ, ಒಂಟೆ, ಅಡುಗೆಯವರು, ವ್ಯಾಪಾರಿಗಳ ಜೊತೆ ಆ ಹೆಸರು ಖೈಬರ್ ದಾಟಿ ಪೂರ್ವಕ್ಕೆ ಬಂತು.

ಬೇಗಂಪುರದ ಮಸೀದಿಯ ಹೊರಗೆ ಟೀ ಅಂಗಡಿ ಇಟ್ಟುಕೊಂಡಿದ್ದ ಹುಡುಗ ಬಿಹಾರದವನು. ಗಾಜಿನ ಪೆಟ್ಟಿಗೆಯೊಳಗಿನ ಸಮೋಸವನ್ನು ತೋರಿಸಿ, ನಿಮ್ಮೂರಲ್ಲಿ ಇದಕ್ಕೆ ಏನಂತೀರಿ ಎಂದು ಕೇಳಿದೆ.

“ಇಲ್ಲಿ ಸಮೋಸ ಅಂಕಲ್‌ಜೀ. ನಮ್ಮ ಮನೆಯಲ್ಲಿ ಅಮ್ಮ ಸಿಂಘಾಡಾ ಅಂತಾಳೆ” ಎಂದ.

ಬಂಗಾಳದಲ್ಲಿ ಸಿಂಗಾರಾ, ಒಡಿಶಾದಲ್ಲಿ ಸಿಂಗಡಾ. ಕೆರೆಯ ನೀರಿನಲ್ಲಿ ಬೆಳೆಯುವ ಕೋಡುಗಳುಳ್ಳ ಕಾಯಿಗೂ ಉತ್ತರದಲ್ಲಿ ಸಿಂಘಾಡಾ ಎಂದೇ ಹೆಸರು; ಸಂಸ್ಕೃತದ ಶೃಂಗಾಟಕದಿಂದ ಬಂದದ್ದು. ಶೃಂಗಾಟಕವೆಂದರೆ ದಾರಿಗಳು ಕೂಡುವ ಜಾಗವೂ ಹೌದು. ಪಾರಸಿಯವನು ಇದನ್ನು ನೋಡಿ ಮೂರು ಮೂಲೆ ಎಂದ, ಗಂಗೆಯ ಬಯಲಿನವನು ತನ್ನೂರ ಕೆರೆಯ ಮುಕ್ಕೋಡಿನ ಕಾಯಿಯನ್ನು ನೆನೆದ. ಇಬ್ಬರ ಕಣ್ಣಿಗೂ ಮೊದಲು ಬಿದ್ದದ್ದು ಆಕಾರ.

ದೆಹಲಿಯಿಂದ ರಾತ್ರಿ ರೈಲು ಹಿಡಿದು ಇಂದೋರಿಗೆ ಬಂದೆ. ತಿಂಡಿಯ ವಿಷಯದಲ್ಲಿ ಇಂದೋರಿನಷ್ಟು ಶ್ರದ್ಧೆಯುಳ್ಳ ಊರು ನಮ್ಮ ದೇಶದಲ್ಲಿ ಕಡಿಮೆ. ಬೆಳಗಾದರೆ ಪೋಹಾ ಮತ್ತು ಜಿಲೇಬಿ. ರಾತ್ರಿ ಚಿನ್ನದಂಗಡಿಗಳು ಬಾಗಿಲು ಹಾಕಿದ ಮೇಲೆ ಸರಾಫಾ ಬಜಾರಿನ ಜಗಲಿಗಳೆಲ್ಲ ತಿಂಡಿ ಅಂಗಡಿಗಳಾಗುತ್ತವೆ. ಜಿಲೇಬಿಯ ಹೆಸರೂ ಹೀಗೆಯೇ ಅರಬರ ‘ಜಲಾಬಿಯಾ’ದಿಂದ ಹೊರಟು ಬಂದದ್ದು. ನನಗೆ ಬೇಕಿದ್ದದ್ದು ಸಮೋಸ ಕಟ್ಟುವುದನ್ನು ಹತ್ತಿರದಿಂದ ನೋಡುವುದು. ನಾನಿಳಿದುಕೊಂಡಿದ್ದ ಜಾಗದ ಬೀದಿಕೊನೆಯಲ್ಲಿದ್ದ ಸಣ್ಣ ಅಂಗಡಿಯ ಹಿರಿಯರು ಬೆಳಿಗ್ಗೆ ಬೇಗ ಬರಲು ಹೇಳಿದರು.

ಮೈದಾಹಿಟ್ಟಿಗೆ ಕಾಸಿದ ತುಪ್ಪ ಸುರಿದು ಎರಡೂ ಅಂಗೈಯಲ್ಲಿ ಉಜ್ಜಿದರು. ಮುಷ್ಟಿಯಲ್ಲಿ ಹಿಡಿದರೆ ಹಿಟ್ಟು ಉಂಡೆಯಾಗಿ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಅಲ್ಲಿಯವರೆಗೂ ನೀರು ಹಾಕುವ ಹಾಗಿಲ್ಲ. ಆಮೇಲೆ ಸ್ವಲ್ಪವೇ ನೀರಿನಲ್ಲಿ ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ನೆನೆಯಲು ಬಿಟ್ಟರು. ಉಂಡೆಯನ್ನು ಉದ್ದುದ್ದಕ್ಕೆ ಲಟ್ಟಿಸಿ, ನಡುವೆ ಕೊಯ್ದು, ಅರ್ಧ ತುಂಡಿನ ನೇರ ಅಂಚಿಗೆ ನೀರು ಸವರಿ ಬೆರಳ ಸುತ್ತ ಸುತ್ತಿದರೆ ಒಂದು ಕೊಟ್ಟೆ. ಅದರೊಳಗೆ ಆಲೂಗಡ್ಡೆ, ಬಟಾಣಿಯ ಪಲ್ಯ. ಬಾಯಿ ಮುಚ್ಚುವ ಮೊದಲು ಹಿಂಭಾಗದಲ್ಲಿ ಒಂದು ನಿರಿಗೆ ಹಿಡಿದರು. ಆ ನಿರಿಗೆ ಇದ್ದರೆ ಮಾತ್ರ ಸಮೋಸ ನೆಟ್ಟಗೆ ಕೂರುತ್ತದೆ. ಎಣ್ಣೆ ಕಾದಿದೆಯೇ ಎಂದು ನೋಡಿದರೆ, ಇಲ್ಲ, ಬೆಚ್ಚಗಷ್ಟೇ ಇತ್ತು. ಸಣ್ಣ ಉರಿಯಲ್ಲಿ ನಿಧಾನಕ್ಕೆ ಬೇಯಬೇಕು. ಆತುರಪಟ್ಟು ಉರಿ ಜೋರು ಮಾಡಿದರೆ ಮೈಮೇಲೆಲ್ಲ ಗುಳ್ಳೆ ಏಳುತ್ತದೆ, ಒಳಗೆ ಹಸಿ ಉಳಿಯುತ್ತದೆ.

“ಸಮೋಸ ಅಂದರೆ ತಾಳ್ಮೆ ಬೇಟಾ” ಎಂದು ಜಾಲರಿಯಲ್ಲಿ ಒಂದೊಂದನ್ನೇ ಮಗುಚಿದರು.

ಆಲೂಗಡ್ಡೆ ಇಲ್ಲದ ಸಮೋಸವನ್ನು ಇಂದು ಇಂದೋರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಊಹಿಸುವುದು ಕಷ್ಟ. ಆದರೆ ಆಲೂಗಡ್ಡೆ ದಕ್ಷಿಣ ಅಮೆರಿಕದ ಬೆಟ್ಟಗಳದು. ಹೂರಣಕ್ಕೆ ಬಿದ್ದಿದ್ದ ಹಸಿಮೆಣಸಿನಕಾಯಿಯೂ ಅಮೆರಿಕದ ಕಡೆಯದೇ. ಕೊಲಂಬಸ್ 1492ರಲ್ಲಿ ಅಮೆರಿಕ ತಲುಪಿದ ಮೇಲೆ, ಮುಖ್ಯವಾಗಿ ಪೋರ್ಚುಗೀಸರ ಹಡಗುಗಳಿಂದ ಇವು ನಮ್ಮ ಪಶ್ಚಿಮ ಕರಾವಳಿಗೆ ಇಳಿದವು. ಅದಕ್ಕೆ ಪ್ರತಿಯಾಗಿ ಪೋರ್ಚುಗೀಸರು ನಮ್ಮಲ್ಲಿಂದ ಸಮೋಸದ ಹೆಸರನ್ನು ‘ಶಮೂಸಾ’ ಮಾಡಿಕೊಂಡು ಮೊಜಾಂಬಿಕ್‌ಗೂ ಲಿಸ್ಬನ್‌ಗೂ ಒಯ್ದರು. ಗೋವೆಯಲ್ಲಿ ಅದು ಇಂದಿಗೂ ‘ಚಮೂಸ್’ ಎಂದೇ ಬಳಕೆಯಲ್ಲಿದೆ.

ಇಂದೋರಿನಿಂದ ಧಾರ್ ದಾಟಿ ಮಾಂಡುವಿಗೆ ನೂರು ಕಿಲೋಮೀಟರಿನ ಹತ್ತಿರದ ದಾರಿ. ಬಯಲು ಮುಗಿದು ಆಳವಾದ ಕಣಿವೆ ಬಾಯ್ದೆರೆದ ಮೇಲೆ ಒಂದರ ಹಿಂದೊಂದು ಕೋಟೆ ಬಾಗಿಲುಗಳು ಬರುತ್ತವೆ. ಬಸ್ಸು ಅವುಗಳೊಳಗೆ ನುಸುಳಿ ಮೇಲೇರುತ್ತದೆ. ಮಾಳವದ ಸುಲ್ತಾನರು ಈ ಬೆಟ್ಟದ ಊರಿಗೆ ಶಾದಿಯಾಬಾದ್, ಅಂದರೆ ಸಂತೋಷದ ನಗರ, ಎಂದು ಹೆಸರಿಟ್ಟಿದ್ದರು. ಆ ಹೆಸರನ್ನು ನಾಣ್ಯದಲ್ಲೂ ಅಚ್ಚು ಹಾಕಿಸಿದ್ದರು. ಇಂದು ಬಸ್ಸಿನ ಕಂಡಕ್ಟರ್ ಕೂಗುವುದು ಮಾಂಡು ಎಂದೇ. ಶಾದಿಯಾಬಾದ್ ಎಂದರೆ ಅಲ್ಲಿನವರಿಗೇ ಗೊತ್ತಾಗುವುದಿಲ್ಲ.

ಜಹಾಜ್ ಮಹಲ್ ಎರಡು ಕೆರೆಗಳ ನಡುವೆ ಉದ್ದಕ್ಕೆ ಚಾಚಿಕೊಂಡಿದೆ. ಒಂದು ಪಕ್ಕ ಮುಂಜ್ ತಲಾವ್, ಇನ್ನೊಂದು ಪಕ್ಕ ಕಪೂರ್ ತಲಾವ್. ಮಳೆ ಬಿದ್ದು ಎರಡೂ ತುಂಬಿದಾಗ ಕಟ್ಟಡ ನೀರಿನ ಮೇಲೆ ನಿಂತ ಹಡಗಿನಂತೆ ಕಾಣುವುದರಿಂದ ಈ ಹೆಸರು. ಮೇಲಿನ ಅಂತಸ್ತಿನಲ್ಲಿ ನೀರು ಹರಿಯಲು ಸುರುಳಿ ಸುತ್ತಿದ ಕಾಲುವೆಗಳಿವೆ, ಕಮಲದಾಕಾರದ ಕೊಳವಿದೆ. ಇದನ್ನು ಕಟ್ಟಿಸಿದವನೆಂದು ಹೇಳುವ ಘಿಯಾಸುದ್ದೀನ್ ಶಾ 1469ರಿಂದ 1500ರವರೆಗೆ ಆಳಿದ. ರಾಜ್ಯದ ಭಾರವನ್ನು ಮಗನ ಹೆಗಲಿಗೆ ದಾಟಿಸಿ, ತಾನು ಸಂಗೀತ, ಸುಗಂಧ, ಅಡುಗೆಗಳಲ್ಲಿ ಮುಳುಗಿದವನು. ಅವನ ಅಂತಃಪುರದಲ್ಲಿ ಹದಿನೈದು ಸಾವಿರ ಹೆಂಗಸರಿದ್ದರು, ಕಾವಲೂ ಹೆಂಗಸರದೇ ಎಂದು ಚರಿತ್ರೆಕಾರರು ಬರೆದಿದ್ದಾರೆ.

ಅವನು ಶುರುಮಾಡಿಸಿ, ಮಗ ನಾಸಿರ್ ಶಾನ ಕಾಲಕ್ಕೆ ಮುಗಿದ ಪುಸ್ತಕವೇ ‘ನಿಅಮತ್‌ನಾಮಾ’. ಪಾರಸಿಯಲ್ಲಿ ಬರೆದದ್ದು. ಐವತ್ತು ಚಿತ್ರಗಳಿವೆ. ಹೆಚ್ಚಿನ ಚಿತ್ರಗಳಲ್ಲಿ ದಪ್ಪ ಮೀಸೆಯ ಸುಲ್ತಾನ ಅಡುಗೆಯವರ ನಡುವೆ ಕುಳಿತಿರುತ್ತಾನೆ. ಒಂದರಲ್ಲಿ ಅವನಿಗಾಗಿ ಸಮೋಸ ತಯಾರಾಗುತ್ತಿದೆ. ಮರಗಿಡಗಳೂ ಹುಲ್ಲಿನ ಹೂಗಳೂ ಶಿರಾಜಿನ ಪಾರಸಿ ಶೈಲಿಯವು. ಹಲವು ಹೆಂಗಸರ ಉಡುಗೆ ಮಾತ್ರ ಅಪ್ಪಟ ಈ ನೆಲದ್ದು.

ಚಿತ್ರದ ಪ್ರತಿಯನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಜಹಾಜ್ ಮಹಲಿನ ಮೆಟ್ಟಿಲ ಮೇಲೆ ಕುಳಿತು ಆ ಸಮೋಸದ ವಿಧಾನವನ್ನು ಮತ್ತೊಮ್ಮೆ ಓದಿದೆ. ಬೆಂದ ಕೊಚ್ಚಿದ ಮಾಂಸಕ್ಕೆ ಅಷ್ಟೇ ಪ್ರಮಾಣದ ಹೆಚ್ಚಿದ ಈರುಳ್ಳಿ, ಒಣಶುಂಠಿ, ಅರೆದ ಬೆಳ್ಳುಳ್ಳಿ. ಗುಲಾಬಿ ನೀರಿನಲ್ಲಿ ತೇಯ್ದ ಕೇಸರಿ. ಜೊತೆಗೆ ಬದನೆಕಾಯಿಯ ತಿರುಳು. ಇದನ್ನು ತುಂಬಿ ತುಪ್ಪದಲ್ಲಿ ಕರಿಯಬೇಕು. ಕೊನೆಯಲ್ಲಿ ಒಂದು ಮಾತು: ತರಿಹಿಟ್ಟಿನ ತೆಳು ರೊಟ್ಟಿಯಲ್ಲಿ ಮಾಡಿದರೂ ಸರಿ, ನಯಹಿಟ್ಟಿನ ರೊಟ್ಟಿಯಲ್ಲಿ ಮಾಡಿದರೂ ಸರಿ, ಹಸಿ ಕಣಕದಲ್ಲಿ ಮಾಡಿದರೂ ಸರಿ, ಮೂರೂ ರುಚಿಯೇ. ಆಲೂಗಡ್ಡೆಯ ಸುಳಿವಿಲ್ಲ, ಮೆಣಸಿನಕಾಯಿಯ ಸುಳಿವಿಲ್ಲ. ಹೊದಿಕೆ ಯಾವುದು ಎಂಬ ಹಟವೂ ಇಲ್ಲ. ಆದರೂ ಅದು ಸಮೋಸವೇ. ಬೇರೆ ಬೇರೆ ಹೂರಣದ ಇನ್ನೂ ಹಲವು ಬಗೆಗಳು ಅದೇ ಪುಸ್ತಕದಲ್ಲಿವೆ. ಎಲ್ಲಕ್ಕೂ ಹೆಸರು ಒಂದೇ.

ಅಲ್ಲಿ ಕುಳಿತಾಗ ನನಗೆ ಈ ಹೆಸರಿನ ಗುಟ್ಟು ಹೊಳೆಯಿತು. ನಮ್ಮ ಕರಿದ ತಿಂಡಿಗಳ ಹೆಸರುಗಳು ಹೆಚ್ಚಾಗಿ ಒಂದೋ ಒಳಗಿರುವುದನ್ನು ಹೇಳುತ್ತವೆ, ಇಲ್ಲವೇ ಊರನ್ನು ಹೇಳುತ್ತವೆ: ಉದ್ದಿನ ವಡೆ, ಈರುಳ್ಳಿ ಬಜ್ಜಿ, ಮದ್ದೂರು ವಡೆ. ಕರಿಗಡುಬು ಎಂಬ ಹೆಸರು ಮಾಡುವ ಬಗೆಯನ್ನೇ ಹೇಳುತ್ತದೆ. ಸಮೋಸ ಎಂಬ ಹೆಸರು ಆಕಾರವನ್ನಷ್ಟೇ ಹಿಡಿದುಕೊಂಡು ಒಳಗಿನದನ್ನು ಕಟ್ಟುವವರ ಕೈಗೆ ಬಿಟ್ಟಿತು. ದೆಹಲಿಯಲ್ಲಿ ಬಾದಾಮಿ, ಪಿಸ್ತಾ, ಮಾಂಡುವಿನಲ್ಲಿ ಬದನೆಕಾಯಿ, ಹೈದರಾಬಾದಿನಲ್ಲಿ ಖೀಮಾ, ಇಂದೋರಿನಲ್ಲಿ ಆಲೂಗಡ್ಡೆ ಸಲೀಸಾಗಿ ಒಳಗೆ ಬಂದವು. ಯಾವ ಊರಿಗೆ ಹೋದರೂ ಆ ಊರಿನ ಬೆಳೆಗೆ ಅದರಲ್ಲಿ ಜಾಗವಿತ್ತು.

ಅರಮನೆಯ ಹೊರಗೆ ಹೆಂಗಸೊಬ್ಬಳು ಗೋಣಿಚೀಲದ ಮೇಲೆ ಬೂದುಹಸಿರಿನ, ಮಖಮಲ್ಲಿನಂಥ ಸಿಪ್ಪೆಯ ದೊಡ್ಡ ಕಾಯಿಗಳನ್ನು ಹರಡಿಕೊಂಡಿದ್ದಳು. ಒಡೆದರೆ ಒಳಗೆ ಬಿಳಿಯ ಹುಳಿ ತಿರುಳು. “ಮಾಂಡು ಕೀ ಇಮ್ಲಿ, ಭಾಯಿಸಾಬ್. ಖುರಾಸಾನಿ ಇಮ್ಲಿ” ಎಂದು ಒಂದು ಚೂರು ಕೈಗಿಟ್ಟಳು. ಇದು ಬಾವೋಬಾಬ್ ಮರದ ಕಾಯಿ. ಮರದ ತವರು ಆಫ್ರಿಕ. ಖುರಾಸಾನ್ ಇರುವುದು ಇರಾನಿನ ಕಡೆ. ಪಶ್ಚಿಮದಿಂದ ಬಂದದ್ದೆಲ್ಲ ಖುರಾಸಾನಿನದು ಎಂದು ಮಾಂಡುವಿನ ಜನ ತಿಳಿದರು, ಹುಳಿಯಾಗಿದ್ದರಿಂದ ಹುಣಸೆ ಎಂದರು. ನಮ್ಮ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಇದೇ ಜಾತಿಯ ಮೂರು ಬೃಹತ್ ಮರಗಳಿವೆ. ಅಲ್ಲಿನ ಮಠಕ್ಕೆ ಅವುಗಳಿಂದಲೇ ದೊಡ್ಡಹುಣಸೆ ಮಠ ಎಂಬ ಹೆಸರು ಬಂದಿದೆ. ಒಬ್ಬರನ್ನೊಬ್ಬರು ಕೇಳದೆ, ಮಾಳವದವರೂ ಸವಣೂರಿನವರೂ ಆಫ್ರಿಕದ ಮರಕ್ಕೆ ತಮ್ಮ ಹಿತ್ತಲಿನ ಹೆಸರನ್ನೇ ಕೊಟ್ಟರು. ಹೊಸದನ್ನು ಮನೆಗೆ ಸೇರಿಸಿಕೊಳ್ಳುವ ಜನರ ರೀತಿಯೇ ಇದು.

ಸಮೋಸದ ವಿಷಯದಲ್ಲೂ ಹೀಗೆ ಮನೆಗೆ ಸೇರಿದ್ದಕ್ಕೆ ಒಂದು ಲಿಖಿತ ಸಾಕ್ಷಿ ಇದೆ. ಅಕ್ಬರನ ಸೇನೆ 1561ರಲ್ಲಿ ಬಾಜ್ ಬಹಾದೂರನನ್ನು ಸೋಲಿಸಿದ ಬಳಿಕ ಮಾಂಡು ಮೊಘಲರ ಪಾಲಾಯಿತು. 1590ರ ದಶಕದಲ್ಲಿ ಅಕ್ಬರನ ಆಸ್ಥಾನದ ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಅರಮನೆಯ ಅಡುಗೆಗಳ ಪಟ್ಟಿ ಕೊಡುವಾಗ ‘ಕುತಾಬ್’ ಎಂಬ ತಿಂಡಿಯನ್ನು ಹೇಳಿ, ಹಿಂದೂಸ್ತಾನದ ಜನ ಇದನ್ನು ಸನ್‌ಬೂಸಾ ಎನ್ನುತ್ತಾರೆ ಎಂದು ವಿವರಿಸುತ್ತಾನೆ. ಪಾರಸಿಯ ಹೆಸರನ್ನು ಪಾರಸಿಯಲ್ಲೇ ಬರೆಯುವ ಪಂಡಿತ ಹಿಂದೂಸ್ತಾನದ ಮಾತು ಎಂದು ದಾಖಲಿಸುತ್ತಿದ್ದಾನೆ! ಖುಸ್ರೋನಿಂದ ಅಬುಲ್ ಫಜಲನವರೆಗಿನ ಮುನ್ನೂರು ವರ್ಷಗಳಲ್ಲಿ ಅತಿಥಿ ಮನೆಯವನಾದ. ಇತ್ತ ಅದರ ತವರಿನಲ್ಲಿ, 16ನೇ ಶತಮಾನದ ನಂತರ ಸನ್‌ಬೂಸಾ ನಿಧಾನವಾಗಿ ಹಿಂದೆ ಸರಿದು, ಇಂದು ಇರಾನಿನ ದಕ್ಷಿಣದ ಕೆಲವು ಪ್ರಾಂತ್ಯಗಳಲ್ಲಿ ಮಾತ್ರ ಹೆಚ್ಚಾಗಿ ಉಳಿದಿದೆ.

ಮಾಂಡುವಿನಿಂದ ಹಿಂದಿರುಗಿ ಒಂದು ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋದೆ. ರಂಗನಾಥಸ್ವಾಮಿ ದೇವಸ್ಥಾನದ ಮುಂದೆ ಎಂದಿನ ಜನ, ಹೂವಿನಂಗಡಿ, ಕಡ್ಲೆಪುರಿಯ ಗಾಡಿ. ಸ್ವಲ್ಪ ದೂರದಲ್ಲೇ ಟಿಪ್ಪುವಿನ ಲಾಲ್ ಮಹಲ್ ಇದ್ದ ಜಾಗ. ಅಲ್ಲೀಗ ಅಡಿಪಾಯದ ಗುರುತು ಬಿಟ್ಟರೆ ಹೆಚ್ಚೇನಿಲ್ಲ. ಅವನ ಗ್ರಂಥಭಂಡಾರದಲ್ಲಿ ಸುಮಾರು ಎರಡು ಸಾವಿರ ಹಸ್ತಪ್ರತಿಗಳಿದ್ದವು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅವು ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿದವು. ಕೆಲವು ಕಲ್ಕತ್ತೆಗೆ, ಕೆಲವು ಲಂಡನ್ನಿಗೆ ಹೋದವು. 1809ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಎಂಬ ವಿದ್ವಾಂಸ ಈ ಭಂಡಾರದ ವಿವರಣಾತ್ಮಕ ಸೂಚಿಯನ್ನು ಪ್ರಕಟಿಸಿದ. ಮಾಂಡುವಿನ ಅಡುಗೆ ಪುಸ್ತಕವೂ ಹೀಗೆಯೇ ಶ್ರೀರಂಗಪಟ್ಟಣದಿಂದ ಹೊರಟು ಕಂಪನಿಯ ಗ್ರಂಥಾಲಯ ಸೇರಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ನಾರಾ ಟಿಟ್ಲಿ ಅವರ ಇಂಗ್ಲಿಷ್ ಅನುವಾದ 2005ರಲ್ಲಿ ಬಂದಿದ್ದರಿಂದ ನಮ್ಮಂಥವರಿಗೂ ಅದು ಓದಲು ಸಿಕ್ಕಿತು. ಕಾವೇರಿ ಸುತ್ತುವರಿದ ಈ ದ್ವೀಪದಲ್ಲಿ, ಯುದ್ಧದ ದಿನಗಳ ನಡುವೆ, ಕೇಸರಿ ತೇಯ್ದು ಸಮೋಸಕ್ಕೆ ಬೆರೆಸುವ ಪಾಠವೊಂದು ಕಪಾಟಿನಲ್ಲಿ ಇತ್ತು ಎಂಬುದನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ನಿಅಮತ್‌ನಾಮಾ ಸಿದ್ಧವಾದ ಕಾಲದಲ್ಲೇ, 16ನೇ ಶತಮಾನದ ಆರಂಭದಲ್ಲಿ, ಶ್ರೀರಂಗಪಟ್ಟಣಕ್ಕೆ ದೂರವಲ್ಲದ ಕಲ್ಲಹಳ್ಳಿಯ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಅವನು ಜೈನ, ಅಡುಗೆಯೆಲ್ಲ ಸಸ್ಯಾಹಾರ. ಬದನೆಕಾಯಿಯ ಅಡುಗೆಗಳಿಗೇ ಅವನು ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಮಾಳವದ ಸುಲ್ತಾನನ ಅಡುಗೆಮನೆಗೂ ಕನ್ನಡದ ಜೈನ ಕವಿಯ ಅಡುಗೆಮನೆಗೂ ಬದನೆಕಾಯಿಯ ಮೇಲೆ ಒಂದೇ ಮೋಹ. ಅದಕ್ಕೂ ಮೊದಲು, 1340ರ ದಶಕದಲ್ಲಿ, ಇಬ್ನ್ ಬತೂತ ದೆಹಲಿ ಬಿಟ್ಟು ನಮ್ಮ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿನ ಊಟವನ್ನೂ ಅವನು ಕ್ರಮವಾಗಿ ಬರೆದಿದ್ದಾನೆ. ತಾಮ್ರದ ಪಾತ್ರೆಯಿಂದ ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿ, ಮೀನು, ತರಕಾರಿ, ಪ್ರತಿ ಸಲವೂ ಅನ್ನ, ಕೊನೆಗೆ ಮೊಸರು. ನಮ್ಮ ಕರಾವಳಿಯ ಊಟ ಏಳುನೂರು ವರ್ಷಗಳಲ್ಲಿ ಎಷ್ಟು ಕಡಿಮೆ ಬದಲಾಗಿದೆ! ಆ ಊಟದಲ್ಲಿ ಸಮೂಸಕ್ ಇರಲಿಲ್ಲ. ಆ ಹೆಸರು ನಮ್ಮ ಕಡೆಗೆ ಬೇರೆ ಬೇರೆ ದಾರಿಗಳಲ್ಲಿ, ನಿಧಾನವಾಗಿ ಬಂತು.

ಬೆಂಗಳೂರಿನ ಶಿವಾಜಿನಗರದಲ್ಲಿ ರಂಜಾನ್ ಸಂಜೆ ರಸೆಲ್ ಮಾರುಕಟ್ಟೆಯ ಸುತ್ತ ನಡೆದರೆ ಕರಿದ ಸಮೋಸಗಳ ರಾಶಿ ಕಾಣುತ್ತದೆ. ಇಂದೋರಿನ ದಪ್ಪ ಹೊದಿಕೆಯ ಸಮೋಸಕ್ಕಿಂತ ಇದು ಬೇರೆ. ಚಪ್ಪಟೆ, ಗರಿಗರಿ, ಒಳಗೆ ಈರುಳ್ಳಿ ಅಥವಾ ಖೀಮಾ. ಒಂದು ಅಂಗಡಿಯ ಹಿಂದೆ ನಡುವಯಸ್ಸಿನವರೊಬ್ಬರು ಪಟ್ಟಿ ಮಡಿಸುತ್ತಿದ್ದರು. ಎರಡು ತೆಳು ರೊಟ್ಟಿಗಳ ನಡುವೆ ಎಣ್ಣೆ ಸವರಿ, ಒಟ್ಟಿಗೆ ಲಟ್ಟಿಸಿ, ಕಾವಲಿಯ ಮೇಲೆ ಅರೆಬೇಯಿಸಿ, ಬಿಸಿ ಇರುವಾಗಲೇ ಬಿಡಿಸಿ, ಉದ್ದುದ್ದ ಪಟ್ಟಿ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಪಟ್ಟಿಯ ತುದಿಯನ್ನು ಓರೆಯಾಗಿ ಮಡಿಸಿ, ಆದ ಜೇಬಿನೊಳಗೆ ಈರುಳ್ಳಿ ತುಂಬಿ, ಮತ್ತೆರಡು ಸಲ ಹೊರಳಿಸಿ, ಕಲಸಿದ ಮೈದಾದ ಅಂಟು ಸವರಿದರೆ ಮೂರು ಮೂಲೆ ಸಿದ್ಧ.

“ಬೇಗ ಮಡಿಸಬೇಕು ಸಾರ್. ಪಟ್ಟಿ ಗಾಳಿಗೆ ಒಣಗಿದ್ರೆ ಮುರಿಯತ್ತೆ” ಎಂದರು.

“ಯಾರು ಕಲಿಸಿದ್ದು ಭಾಯ್?”

“ಅಬ್ಬಾ. ಅವರಿಗೆ ಅವರ ಉಸ್ತಾದ್.”

1226ರಲ್ಲಿ ಬಾಗ್ದಾದಿನಲ್ಲಿ ಬರೆದ ಅಡುಗೆ ಪುಸ್ತಕವೊಂದರಲ್ಲಿ ಸನ್‌ಬೂಸಜ್ ಮಾಡುವ ಬಗೆ ಇದೆ. ತೆಳು ರೊಟ್ಟಿಯನ್ನು ಪಟ್ಟಿಗಳಾಗಿ ಕೊಯ್ಯಬೇಕು, ಹೂರಣ ಇಟ್ಟು ಮೂರು ಮೂಲೆಯಾಗಿ ಮಡಿಸಬೇಕು, ಹಿಟ್ಟಿನಿಂದ ಅಂಟಿಸಬೇಕು, ಎಳ್ಳೆಣ್ಣೆಯಲ್ಲಿ ಕರಿಯಬೇಕು. ಶಿವಾಜಿನಗರದ ಆ ಬೆರಳುಗಳು ಮಾಡುತ್ತಿದ್ದದ್ದು ಅಕ್ಷರಶಃ ಅದನ್ನೇ. ಅವರು ಆ ಪುಸ್ತಕದ ಹೆಸರನ್ನೂ ಕೇಳಿದವರಲ್ಲ. ಮಾಂಡುವಿನ ಪುಸ್ತಕ ಅನುಮತಿಸಿದ ಹೊದಿಕೆಗಳಲ್ಲಿ ತೆಳು ರೊಟ್ಟಿಯದು ಶಿವಾಜಿನಗರದಲ್ಲಿದೆ, ಹಸಿ ಕಣಕದ್ದು ಇಂದೋರಿನ ಹಿರಿಯರ ಅಂಗೈಯಲ್ಲಿದೆ. ಲಿಪಿ ಓದಲು ಬಾರದ ಕೈಗಳೂ ಗ್ರಂಥಗಳಷ್ಟೇ ನಿಷ್ಠೆಯಿಂದ ವಿದ್ಯೆಯನ್ನು ಕಾಪಾಡಿಕೊಂಡು ಬಂದಿವೆ.

ಸಮೋಸ ನಮ್ಮದೋ ಹೊರಗಿನದೋ ಎಂಬ ಜಗಳ ಆಗಾಗ ಕೇಳಿಬರುತ್ತದೆ. ಈ ದಾರಿಯಲ್ಲಿ ನಡೆದು ಬಂದ ಮೇಲೆ ನನಗೆ ಅನಿಸುವುದು ಇಷ್ಟು: ಆ ಪ್ರಶ್ನೆಗೆ ಉತ್ತರವನ್ನು ಜನ ಎಂದೋ ಕೊಟ್ಟಾಗಿದೆ. ಸುಲ್ತಾನರು ನಾಣ್ಯದ ಮೇಲೆ ಅಚ್ಚೊತ್ತಿದ ಶಾದಿಯಾಬಾದ್ ಉಳಿಯಲಿಲ್ಲ. ಯಾವ ಅರಸನೂ ಆಜ್ಞೆ ಹೊರಡಿಸದ, ಯಾವ ಶಾಸನದಲ್ಲೂ ಕೆತ್ತಿಸದ ಸಮೋಸ ಎಂಬ ಹೆಸರು ಸಾವಿರ ವರ್ಷ ದಾಟಿಯೂ ಬದುಕಿದೆ. ಸೊಮಾಲಿಯಾದಲ್ಲಿ ಸಂಬೂಸ, ಉಜ್ಬೇಕಿಸ್ತಾನದ ತಂದೂರಿನಲ್ಲಿ ಸೋಮ್ಸಾ, ಬರ್ಮಾದಲ್ಲಿ ಸಮೂಸಾ, ಲಿಸ್ಬನ್ನಿನಲ್ಲಿ ಶಮೂಸಾ. ಒಂದೊಂದು ನಾಲಿಗೆ ಒಂದೊಂದು ಅಕ್ಷರವನ್ನು ತನಗೆ ಬೇಕಾದಂತೆ ತಿದ್ದಿಕೊಂಡಿತು, ಹೂರಣವನ್ನು ತನ್ನ ಹೊಲದಿಂದ ತುಂಬಿಕೊಂಡಿತು. ಯಾರೂ ಯಾರಿಂದಲೂ ಕಸಿದುಕೊಂಡದ್ದಿಲ್ಲ. ಕನ್ನಡವೂ ಆ ಹೆಸರಿಗೆ ತನ್ನ ವಿಭಕ್ತಿ ಹಚ್ಚಿ, ಸಮೋಸದ, ಸಮೋಸಕ್ಕೆ, ಸಮೋಸದಲ್ಲಿ ಎನ್ನುತ್ತ ಆಡಿಕೊಂಡೇ ಇದೆ. ಆಡುವವರೂ ಕಟ್ಟುವವರೂ ಇರುವವರೆಗೆ ಅದು ಆಯಾ ಊರಿನದೇ. ಅದನ್ನು ಉಳಿಸಬೇಕೆಂದಿದ್ದರೆ ಮೂಲದ ವಾದಕ್ಕಿಂತ ಮೊದಲು ಆ ಕಟ್ಟುವ ಕೈಗಳಿಗೆ ತಕ್ಕ ಕೂಲಿಯೂ ಗೌರವವೂ ಸಿಗಬೇಕು. ಹೆಸರನ್ನು ಇಲ್ಲಿಯವರೆಗೆ ಹೊತ್ತು ತಂದವರು ಅವರೇ.